ಕೇಳುವುದು ಅಕ್ಕನನ್ನು, ಕೊಳ್ಳುವುದು ಹೊಳಪನ್ನು

ಬೆಳಗಿನ ಜಾವ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಬಟ್ಟೆ ಒಗೆಯುವ ಕೋಣೆ. ಒದ್ದೆ ನೆಲದ ಮೇಲೆ ಮಂಡಿಯೂರಿದ ಹೆಂಗಸೊಬ್ಬರು ವಾಷಿಂಗ್ ಮಷೀನಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿದ್ದಾರೆ. ಹೊರಬರುವುದು ಒಂದು ಹೇರ್‌ಪಿನ್ನು, ಅಂಗಿಯ ಗುಂಡಿ, ಒಂಟಿ ಕಾಲುಚೀಲ. "ಇದಕ್ಕೋಸ್ಕರ ಯಾರೋ ರೂಮಿನವಳ ಜೊತೆ ಜಗಳ ಆಡಿರ್ತಾಳೆ ನೋಡಿ," ಎಂದು ನಗುತ್ತಾರೆ. ಬಡಾವಣೆಗೆಲ್ಲ ಇವರು ಮಷೀನ್ ಅಕ್ಕ.

ರಿಪೇರಿ ಮಾಡುತ್ತಿದ್ದ ಗಂಡನ ಬೆನ್ನು ಕೈಕೊಟ್ಟ ಮೇಲೆ ಸ್ಕ್ರೂಡ್ರೈವರ್ ಇವರ ಕೈಗೆ ಬಂತು. ಶುರುವಿನಲ್ಲಿ ಬಾಗಿಲು ತೆರೆದವರು "ಮೆಕ್ಯಾನಿಕ್ ಎಲ್ಲಿ?" ಎಂದು ಇವರ ಹಿಂದೆ ಇಣುಕುತ್ತಿದ್ದರಂತೆ. ಈಗ ದಿನಕ್ಕೆ ಐದಾರು ಮನೆ. ಅದಕ್ಕಿಂತ ಹೆಚ್ಚು ಫೋನು: "ಅಕ್ಕಾ, ಯಾವ ಮಷೀನ್ ತಗೊಳ್ಳಲಿ?"

ನನ್ನ ಸಿಟ್ಟು ಶುರುವಾಗುವುದೇ ಇಲ್ಲಿ. ಮನೆಯಲ್ಲಿ ಎಷ್ಟು ಜನ, ನೀರು ಗಡುಸೋ ಮೆದುವೋ, ಒಗೆಯುವವರು ಯಾರು ಎಂದೆಲ್ಲ ವಿಚಾರಿಸಿ ಅಕ್ಕ ಹೇಳುತ್ತಾರೆ. "ಹೌದಕ್ಕಾ, ಹೌದಕ್ಕಾ" ಎಂದವರು ಅಂಗಡಿಯಲ್ಲಿ ಮಿನುಗುವ ದೀಪಕ್ಕೆ ಮರುಳಾಗಿ ಬೇರೆಯದನ್ನೇ ಹೊತ್ತು ತರುತ್ತಾರೆ. ಕೆಟ್ಟಾಗ ಮತ್ತೆ ಇವರೇ ಬೇಕು! ಬೇಡವಾದರೆ ಕೇಳಬಾರದು, ಕೇಳಿ, ತಲೆಯಾಡಿಸಿ, ಹೀಗೆ ಮಾಡುವುದು ಯಾವ ಸೀಮೆಯ ಮರ್ಯಾದೆ?

ಹೊರಗಿನವರ ಮಾತು ಬಿಡಿ, ಅಕ್ಕನ ಸ್ವಂತ ಅಣ್ಣನೂ ಹಾಗೇ. ಹಿತ್ತಲ ಗಿಡ ಮದ್ದಲ್ಲ. ಕಣ್ಣು ಮಂಜಾದ ಅಮ್ಮ ಇರುವುದು ಅವನ ಮನೆಯಲ್ಲಿ. "ತಿರುಗಿಸೋ ನಾಬ್ ಇರೋದೇ ತಗೋ ಅಣ್ಣಾ, ಅಮ್ಮ ಟಿಕ್ ಟಿಕ್ ಎಣಿಸ್ಕೊಂಡು ಹಾಕ್ತಾಳೆ ಅಂತ ಬಾಯಿ ನೋಯೋವರೆಗೂ ಹೇಳ್ದೆ. ಹ್ಞೂಂ ಅಂದ. ತಂದಿದ್ದು ಮುಟ್ಟಿದ್ರೆ ಬೆಳಗೋ ಗಾಜಿಂದು."

ನುಣ್ಣನೆಯ ಗಾಜಿನ ಮೇಲೆ ಅಮ್ಮನ ಬೆರಳಿಗೆ ಏನೂ ಸಿಗಲಿಲ್ಲ. ವಯಸ್ಸಾದ ಮೈ, ಕೆಲವು ಬೆಳಿಗ್ಗೆ ಹಾಸಿಗೆಯ ಬಟ್ಟೆ ಒದ್ದೆಯಾಗಿರುತ್ತದೆ. ಅದನ್ನು ಸೊಸೆಯ ಕೈಗೆ ಕೊಡಲಾರದೆ ಮಂಚದಡಿ ಸುತ್ತಿಡತೊಡಗಿದರು. ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನಿರಬಹುದಿತ್ತು. ಆದರೆ ಇಲ್ಲಿ ಮಾಡಿದವನೊಬ್ಬ, ಉಣ್ಣುವವರು ಇನ್ನೊಬ್ಬರು.

ಬೆರಳಿಗೆ ತಿಳಿಯಲಿ ಎಂದು ಅಕ್ಕ ಗಾಜಿನ ಮೇಲೆ ಅಂಟಿನ ಹನಿ ಹಾಕಿ ಗುರುತು ಮಾಡಿದರು. ಹೊಸ ಮಷೀನಿಗೆ ಕುರು ಎದ್ದ ಹಾಗಿದೆ ಎಂದು ಅಣ್ಣ ಕೆರೆದು ಹಾಕಿದ. ಅಂದೇ ಅಕ್ಕ, ಯಾರೋ ಬೇಡವೆಂದು ಬಿಟ್ಟ ನಾಬಿನ ಮಷೀನನ್ನು ರಿಪೇರಿ ಮಾಡಿ ಅವನ ಹಿತ್ತಲಲ್ಲಿ ಕೂರಿಸಿದರು. "ಮನೆಗೆ ಬಂದೋರು ಏನಂತಾರೆ ಅಂತ ಕೂಗಾಡ್ದ. ಬಂದೋರ ಬಟ್ಟೆ ಒಗೆಯೋಕಲ್ಲ ಅಂದೆ."

ಮಾತಿನ ನಡುವೆ ಫೋನು. ಕೈ ಒದ್ದೆ ಎಂದು ಸ್ಪೀಕರಿಗೆ ಹಾಕುತ್ತಾರೆ. ಮುದಿ ದನಿಯೊಂದು ಪಿಸುಗುಟ್ಟುತ್ತದೆ: "ಒಗೆದು ಹರವಿದ್ದೂ ಆಯ್ತು ಕಣೇ. ಇನ್ನೂ ಯಾರೂ ಎದ್ದಿಲ್ಲ."

ಅಕ್ಕ ಫೋನು ಇಡುತ್ತಾರೆ. ಆಮೇಲೆ ಮಷೀನಿನ ಬಾಗಿಲು ಮುಚ್ಚುತ್ತಾ ಹೇಳುತ್ತಾರೆ: "ಅಣ್ಣ ಇನ್ಮೇಲೆ ನನ್ನನ್ನ ಕೇಳ್ದಿದ್ರೂ ಪರವಾಗಿಲ್ಲ. ಅಮ್ಮನ್ನ ಕೇಳಿದ್ರೆ ಸಾಕು."