ಕಾಲರಕ್ಕ ಹೇಳಿದ್ದು, ನಾನು ಹೇಳದೆ ಉಳಿದದ್ದು

ಕಾಲರಕ್ಕನ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಯಾವಾಗಲೋ ಮಷಿನ್ನಿನ ಸೂಜಿ ಉಗುರಿನಲ್ಲೇ ಇಳಿದಿತ್ತಂತೆ. “ಬಟ್ಟೆ ಚೂರು ಸುತ್ಕೊಂಡು ಅವತ್ತಿನ ಟಾರ್ಗೆಟ್ ಮುಗಿಸ್ದೆ ಮೇಡಂ” ಎಂದು ನಗುತ್ತಲೇ ಹೇಳಿದ್ದರು.

ಹೆಗ್ಗನಹಳ್ಳಿಯ ಆ ಗಾರ್ಮೆಂಟ್ಸ್‌ನಲ್ಲಿ ಹದಿನಾರು ವರ್ಷದಿಂದ ಅವರು ಹೊಲಿಯುತ್ತಿದ್ದದ್ದು ಶರ್ಟಿನ ಕಾಲರ್ ಮಾತ್ರ. ಎಲ್ಲರಿಗೂ ಅವರು ಕಾಲರಕ್ಕ. ನಾನು ಡಿಗ್ರಿ ಮುಗಿಸಿ ಅಲ್ಲಿನ ಆಫೀಸಿಗೆ ಹೊಸದಾಗಿ ಸೇರಿದ್ದೆ. ಹೊಲಿದ ಪ್ರತಿ ಕಾಲರಿನ ಒಳಗೂ ಅವರು ಒಮ್ಮೆ ಹೆಬ್ಬೆರಳು ಆಡಿಸುತ್ತಿದ್ದರು. ಸೂಪರ್‌ವೈಸರ್ ಬೈದರೂ ಬಿಡುತ್ತಿರಲಿಲ್ಲ. “ಯಾವ ದೇಶದೋರ ಕತ್ತೋ ಏನೋ, ಚುಚ್ಚಬಾರ್ದಲ್ವಾ” ಎನ್ನುತ್ತಿದ್ದರು. ಟಾಯ್ಲೆಟ್ಟಿಗೆ ಎದ್ದರೆ ಬೈಗುಳ ಎಂದು ಅವರು ಮಧ್ಯಾಹ್ನದವರೆಗೆ ನೀರು ಕುಡಿಯುತ್ತಿರಲಿಲ್ಲ. ನನಗೆ ಮಾತ್ರ, “ಮುಖ ಬಾಡಿದೆ, ಮೊದ್ಲು ನೀರು ಕುಡೀರಿ” ಎಂದು ಗದರುತ್ತಿದ್ದರು.

ಒಮ್ಮೆ ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯಿಂದ ಕೆಲಸಗಾರರ ಸುರಕ್ಷತೆ ನೋಡುವ ಆಡಿಟ್‌ಗೆ ಒಬ್ಬ ಹೆಂಗಸು ಬಂದರು. ಮ್ಯಾನೇಜರ್ ಹಿಂದಿನ ದಿನವೇ ಎಲ್ಲರಿಗೂ ಉತ್ತರ ಹೇಳಿಕೊಟ್ಟಿದ್ದರು. ಅನುವಾದದ ಕೆಲಸ ನನ್ನದು. ಆಕೆ ನಮ್ಮ ಮಹಡಿಯ ಹಿಂಬದಿಯ ಬಾಗಿಲು ತೋರಿಸಿ, ಇದು ಯಾವಾಗಲೂ ತೆರೆದಿರುತ್ತದೆಯೇ ಎಂದು ಕಾಲರಕ್ಕನನ್ನು ಕೇಳಿದರು.

ಕಾಲರಕ್ಕ ಮಷಿನ್ ನಿಲ್ಲಿಸಿದರು. “ಇವತ್ತು ಬೆಳಿಗ್ಗೆ ತೆಗ್ದಿದ್ದು. ಬಟ್ಟೆ ಕದೀತೀವಿ ಅಂತ ದಿನಾ ಬೀಗ ಹಾಕ್ತಾರೆ. ಇಷ್ಟು ಜನ ಹೆಣ್ಮಕ್ಕಳಿದೀವಿ, ಬೆಂಕಿಗಿಂಕಿ ಬಿದ್ರೆ ಎಲ್ಲಿಂದ ಓಡೋದು? ಈ ಫಾರಿನ್ನೋರನ್ನೇ ಕೇಳಿ ಮೇಡಂ.”

ಆಫೀಸಿನ ಗಾಜಿನಾಚೆ ಮ್ಯಾನೇಜರ್ ನಿಂತು ನನ್ನನ್ನೇ ನೋಡುತ್ತಿದ್ದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೌದು, ಯಾವಾಗಲೂ ತೆರೆದಿರುತ್ತದಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಬರೆದುಕೊಂಡು, ಕಾಲರಕ್ಕನ ಕಡೆ ನಕ್ಕು, ಮುಂದೆ ಹೋದರು.

ಊಟದ ಹೊತ್ತಿನಲ್ಲಿ ಕಾಲರಕ್ಕ ಪಕ್ಕ ಬಂದು ಕೂತರು. “ನಾನು ಅಷ್ಟುದ್ದ ಹೇಳ್ದೆ. ಇಂಗ್ಲಿಷಲ್ಲಿ ಇಷ್ಟು ಚಿಕ್ಕದಾಗೋಯ್ತಾ?”

ನಾನು ಡಬ್ಬಿಯ ಮುಚ್ಚಳ ತೆಗೆದೆ.

“ಹೋಗ್ಲಿ ಬಿಡಿ. ನಿಮ್ಮ ಹೊಟ್ಟೆಪಾಡೂ ಇಲ್ಲೇ ಅಲ್ವಾ” ಎಂದು ನನ್ನ ಡಬ್ಬಿಗೆ ಒಂದು ಚಮಚ ಹುರುಳಿಕಾಳಿನ ಪಲ್ಯ ಹಾಕಿದರು.

ಆ ಬೇಸಿಗೆಯಲ್ಲಿ ಇಸ್ತ್ರಿ ವಿಭಾಗದ ವೈರು ಸುಟ್ಟು ಹೊಗೆ ತುಂಬಿತು. ಹಿಂಬಾಗಿಲಿಗೆ ಓಡಿದವರು ಬೀಗ ಕಂಡು ವಾಪಸ್ ನುಗ್ಗಿದರು. ಎಲ್ಲರಿಗೂ ಉಳಿದದ್ದು ಮುಂದಿನ ಕಿರಿದಾದ ಮೆಟ್ಟಿಲು. ಕಾಲರಕ್ಕ ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತು, “ತಳ್ಳಬೇಡ್ರೇ, ಒಬ್ಬೊಬ್ರೇ ಇಳೀರಿ” ಎಂದು ಕೂಗುತ್ತ ಹುಡುಗಿಯರನ್ನು ಕೆಳಗೆ ದಾಟಿಸುತ್ತಿದ್ದರು. ಹಿಂದಿನ ಗುಂಪು ಒಮ್ಮೆಲೇ ನುಗ್ಗಿತು. ಬೆಂಕಿ ಹತ್ತು ನಿಮಿಷದಲ್ಲಿ ಆರಿತು. ಆದರೆ ಬಿದ್ದ ಕಾಲರಕ್ಕನ ಬೆನ್ನುಮೂಳೆ ಮುರಿದಿತ್ತು.

ಅಪಘಾತದ ವರದಿ ಬರೆಯುವುದು ನನ್ನ ಪಾಲಿಗೆ ಬಂತು. ಈ ಸಲ ಹಿಂಬಾಗಿಲಿಗೆ ಬೀಗವಿತ್ತು ಎಂದೇ ಬರೆದೆ. ಮ್ಯಾನೇಜರ್ ಓದಿ ಕೋಪವನ್ನೂ ಮಾಡಿಕೊಳ್ಳಲಿಲ್ಲ. “ಯಾವಾಗ್ಲೂ ತೆರೆದಿರುತ್ತೆ ಅಂತ ಆಡಿಟ್ ರಿಪೋರ್ಟಲ್ಲಿದೆ. ಕಾಲರ್ ಸೆಕ್ಷನ್ನೋರೇ ಹೇಳಿದಾರೆ. ಟ್ರಾನ್ಸ್‌ಲೇಟ್ ಮಾಡಿದ್ದು ನೀವೇ ಅಲ್ವೇನಮ್ಮಾ?” ಎಂದು ಕೇಳಿದರು. ಕಾಲು ಜಾರಿ ಬಿದ್ದರು ಎಂಬ ಇನ್ನೊಂದು ವರದಿಗೆ ಸಹಿ ಹಾಕಿ ಹೊರಬಂದೆ. ಮುಂದಿನ ತಿಂಗಳು ಕೆಲಸ ಬಿಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಕಾಲರಕ್ಕ ಮತ್ತೆ ಏಳಲಿಲ್ಲ. ಭಾನುವಾರ ಹೋದಾಗಲೆಲ್ಲ ಮಲಗಿದಲ್ಲಿಂದಲೇ ಮಗಳಿಗೆ, “ಮೇಡಂಗೆ ಕಾಫಿ ಕೊಡೇ” ಎನ್ನುತ್ತಿದ್ದರು. ಆಡಿಟ್ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಬೆನ್ನಿನ ಹುಣ್ಣು ಕೀವಾಗಿ, ಬಿದ್ದ ಹನ್ನೊಂದನೆಯ ತಿಂಗಳಲ್ಲಿ ತೀರಿಕೊಂಡರು.

ತಿಥಿಯ ದಿನ ಮಗಳು ನನ್ನ ಪಕ್ಕ ಕೂತು, “ಬಾಗಿಲ ವಿಷ್ಯ ಅಮ್ಮ ಆ ಫಾರಿನ್ ಮೇಡಂಗೆ ಹೇಳಿದ್ರಂತೆ. ಅವರಿಗೆ ನಮ್ಮ ಕನ್ನಡ ಅರ್ಥ ಆಗ್ಲಿಲ್ಲ ಅಂತಿದ್ರು” ಎಂದಳು.

ಹೆತ್ತ ಮಗಳಿಗೂ ಅವರು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ.

“ಅಮ್ಮ ಸರಿಯಾಗೇ ಹೇಳಿದ್ರು ಕಣಮ್ಮ. ನಾನೇ ಇಂಗ್ಲಿಷಲ್ಲಿ ತಪ್ಪು ಹೇಳ್ದೆ” ಎಂದೆ.

ಅವಳು ಬೈಯಲಿಲ್ಲ, ಅಳಲಿಲ್ಲ. ಇಷ್ಟೇ ಕೇಳಿದಳು: “ಈಗಲಾದ್ರೂ ಬಾಗಿಲು ತೆಗೆದಿರ್ತಾರಾ ಅಕ್ಕಾ?”

ಹಿಂದಿನ ವಾರವಷ್ಟೇ ಅಲ್ಲಿನ ಹೆಂಗಸರನ್ನು ಬಸ್‌ಸ್ಟಾಪಿನಲ್ಲಿ ವಿಚಾರಿಸಿದ್ದೆ.

“ಬೆಂಕಿ ಬಿದ್ಮೇಲೆ ಎರಡು ತಿಂಗಳು ಮಾತ್ರ ತೆಗೆದಿದ್ರಂತೆ” ಎಂದೆ.