ಗಾಲಿ ಇರೋ ಬಿಲ್ಲಿಗೆ ಗಾಡಿ ಪೂಜಿ

ನೋಡ್ರಪಾ, ಕೊಟ್ಟೂರಿನ ನಮ್ಮ ಮನಿಗೆ ಇವತ್ತು ಬಾಣ ಹೊಡಿಯೋದು ಕಲಿಯಾಕಂತ ತರಿಸಿದ ನನ್ನ ಮೊದಲ ಕಾಂಪೌಂಡ್ ಬಿಲ್ಲು ಬಂತು. ಹೊಸಾದು ಕೈಗೆ ಎಟುಕಂಗಿರಲಿಲ್ಲ. ಎಳಿಯೋ ಬಿಗಿ ಬೇಕಾದಂಗ ಹೆಚ್ಚು-ಕಡಿಮಿ ಮಾಡ್ಕೊಳ್ಳೋ ಸೆಕೆಂಡ್ ಹ್ಯಾಂಡ್ ಒಂದು ಆರಿಸಿದ್ದೆ, ಕಲಿತ ಮ್ಯಾಲ ಇನ್ನೊಂದು ಕೊಳ್ಳೋದು ತಪ್ಪಲಿ ಅಂತ.

ಡಬ್ಬಿ ಬಿಚ್ಚೂದ್ರಾಗ ನಮ್ಮತ್ತಿ ಬಾಗಿಲಿಗೆ ಅಡ್ಡ ನಿಂತ್ರು. "ಲಿಂಗ ಕಟ್ಟಿದ ಮನ್ಯಾಗ ಬಿಲ್ಲು ಯಾಕವಾ? ಗುಡೇಕೋಟಿ ಗುಡ್ಡಕ್ಕ ಹೋಗಿ ಜಿಂಕಿ ಹೊಡಿತಿಯೇನು?"

"ಜಿಂಕಿ ಹೊಡದ್ರ ಜೈಲೇ ಗತಿ ರೀ ಅತ್ತಿ. ನಾನು ಹೊಡಿಯೋದು ಹಿತ್ತಲದಾಗ ಹಳೀ ಅರಿವಿ ತುಂಬಿದ ಚೀಲಕ್ಕ," ಅಂದೆ.

ಅವರು ಬಿಲ್ಲನ್ನ ತಿರುವಿ ನೋಡಿದ್ರು. ಎರಡೂ ತುದಿಗೆ ಗಾಲಿ ಕಂಡವು. "ಗಾಲಿ ಅದಾವಂದ್ರ ಗಾಡಿ ಪೂಜಿನೇ ಮಾಡ್ಬೇಕು," ಅಂತ ಎರಡಕ್ಕೂ ಇಬತ್ತಿ ಬಳದು, ಗಾಲಿ ಕೆಳಗ ನಿಂಬಿಹಣ್ಣು ಇಟ್ರು. ಗಾಡಿಯಂಗ ಬಿಲ್ಲು ಮುಂದ ಹೋಗಂಗಿಲ್ಲ, ಹಣ್ಣು ಒಡಿಯೋದು ಹೆಂಗ? ದಾರಿನೂ ಅವರೇ ಹುಡುಕಿದ್ರು. ಹಣ್ಣನ್ನ ದಾರದಾಗ ಪೋಣಿಸಿ ಚೀಲದ ಮುಂದ ಕಟ್ಟಿ, "ಬಾಣದಿಂದ್ಲೇ ಒಡಿ," ಅಂದ್ರು.

ಊಟದ ಹೊತ್ತಿನ ತನಕ ಹೊಡದೆ. ಚೀಲ ಜರಡಿ ಆತು. ನಿಂಬಿಹಣ್ಣು ಆರಾಮ ತೂಗ್ಯಾಡಾಕತ್ತಿತ್ತು.

ಅತ್ತಿ ಭಾಳ ಸಮಾಧಾನದಿಂದ ಒಳಗ ಹೊಂಟ್ರು. ಹೋಗ್ತಾ ಅಂದ್ರು: "ಇರ್ಲಿ ಬಿಡವಾ ಬಿಲ್ಲು. ನಿನ್ನಿಂದ ಜಿಂಕಿಗೇನೂ ಆಗಂಗಿಲ್ಲ."