ಹೆಗಲ ಮೇಲಿನ ಕೈ ತೆಗೆದ ಟೀಚರಕ್ಕ

ದೇವರು ಬೆಳಕನ್ನು ಸ್ವಲ್ಪಸ್ವಲ್ಪವೇ ಬಿಡುತ್ತಿರುವ ಹೊತ್ತು. ಆಸ್ಪತ್ರೆಯ ಹಿಂಬದಿಯಲ್ಲಿ ಒಗೆದ ಹೊದಿಕೆಗಳನ್ನು ಇಡುವ ಕೋಣೆ. ಸೋಪಿನ ವಾಸನೆ, ಬಿಸಿ ಇಸ್ತ್ರಿಯ ವಾಸನೆ. ಬಟ್ಟೆಗಂಟಿನ ಮೇಲೆ ಟೀಚರಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಎದುರಿಗೆ ಆಯಮ್ಮ ನಿಂತಿದ್ದಾರೆ, ತುಟಿ ಒಣಗಿದೆ. ಪಾಠ ನೋಡಲು ಬಂದ ನಾನು ಬಾಗಿಲ ಬಳಿ ಇದ್ದೇನೆ.

"ಒಂದೇ ಒಂದ್ಸಲ ಬಂದು ನಿಂತ್ಕೊಳ್ಳಿ ಟೀಚರಕ್ಕ."

"ಇಲ್ಲಮ್ಮ. ಇವತ್ತು ನಾನು ಏಳಲ್ಲ."

ಕಲಿಸುತ್ತಿದ್ದ ಸಣ್ಣ ಶಾಲೆ ಮುಚ್ಚಿದ ಮೇಲೆ ಟೀಚರಕ್ಕ ಇಲ್ಲಿಗೆ ಬಂದವರು. ವಾರ್ಡಿನ ಆಯಾಗಳಿಗೆ ಈ ಕೋಣೆಯಲ್ಲೇ ದಿನವೂ ಪಾಳಿ ಶುರುವಾಗುವ ಮೊದಲು ಒಂದು ಗಂಟೆ ಇಂಗ್ಲಿಷ್ ಪಾಠ. ಹೊರಗಿನಿಂದ ಬರುವ ರೋಗಿಗಳಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ತಿಳಿಯದು. ಬಟ್ಟೆಗಂಟುಗಳಿಗೆ ಇಂಗ್ಲಿಷ್ ಬಂತಾ ಎಂದು ಮನೆಯಲ್ಲಿ ಯಜಮಾನರು ರೇಗಿಸುತ್ತಾರಂತೆ. ಗಂಟುಗಳೇ ವಾಸಿ, ಎದುರು ಮಾತಾಡಲ್ಲ ಅಂತ ಇವರ ಉತ್ತರ.

ಪಾಠಕ್ಕೆ ಕಪ್ಪುಹಲಗೆ ಇಲ್ಲ, ಏಪ್ರನ್‌ಗಳಿವೆ; ಆಯಾಗಳೇ ಒಂದೊಂದು ಪದವಾಗಿ ನಿಲ್ಲುತ್ತಾರೆ. ನಮ್ಮ ಮಾತಿನಲ್ಲಿ ಬೇಕು, ಬಹುದು, ಬಾರದು ಎಂಬವು ಕೆಲಸದ ಬೆನ್ನಿಗೆ ಅಂಟಿಕೊಂಡೇ ಬರುತ್ತವೆ: ಕುಡಿಯಬೇಕು, ಕುಡಿಯಬಹುದು. ಇಂಗ್ಲಿಷಿನ ಮಸ್ಟ್, ಮೇ, ಮಸ್ಟ್ ನಾಟ್‌ಗಳು ಬೇರೆಯಾಗಿ, ಒಂದು ಹೆಜ್ಜೆ ಮುಂದೆ ನಿಲ್ಲುತ್ತವೆ. ‘ಡ್ರಿಂಕ್’ ಆಗಿ ನಿಂತ ಆಯಾ, ‘ಅವಳು’ ಎಂದಾಗ ಏಪ್ರನ್ ಕಟ್ಟಿ ‘ಡ್ರಿಂಕ್ಸ್’ ಆಗಬೇಕು. ನಿನ್ನೆಯ ಮಾತಾದರೆ ಬೇರೆ ಏಪ್ರನ್. ಟೀಚರಕ್ಕ ‘ಮಸ್ಟ್’ ಆಗಿ ಮುಂದೆ ಬಂದು ಹೆಗಲ ಮೇಲೆ ಕೈಯಿಟ್ಟ ಕೂಡಲೇ ಏಪ್ರನ್ ಕಳಚಿ ಬರೀ ‘ಡ್ರಿಂಕ್’ ಆಗಿ ನಿಲ್ಲಬೇಕು. "ಮಸ್ಟ್ ಮಾತ್ರ ಯಾರು ಬಂದ್ರೂ ವೇಷ ಬದಲಾಯಿಸಲ್ಲ. ಆದ್ರೆ ಒಂಟಿಯಾಗಿ ಕೆಲ್ಸಾನೂ ಮಾಡಲ್ಲ, ಇನ್ನೊಬ್ರು ಬೇಕು," ಎನ್ನುತ್ತಾರೆ.

ಎಡವಟ್ಟಾದದ್ದು ಆ ಕೈಯಿಂದಲೇ. ಕೆಲಸ ಖಾಯಂ ಆಗಲು ಹೆಡ್ ನರ್ಸ್ ನಡೆಸುವ ಮೌಖಿಕ ಪರೀಕ್ಷೆಯಲ್ಲಿ ಕಳೆದ ಬಾರಿ ಆಯಮ್ಮ ಬಾಯಿ ತೆರೆದವರು ಪಕ್ಕಕ್ಕೆ ತಿರುಗಿ ನೋಡಿದರು. ಹೆಗಲ ಮೇಲೆ ಕೈ ಇರಲಿಲ್ಲ, ಮಾತೂ ಬರಲಿಲ್ಲ. ಏನೂ ಕಲಿತಿಲ್ಲ ಎಂದುಕೊಂಡರು ಹೆಡ್ ನರ್ಸ್. ಇವತ್ತು ಕೊನೆಯ ಅವಕಾಶ. ತಪ್ಪಿದರೆ ಕೆಲಸವಿಲ್ಲ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ದುಡಿಯುವವರು ಇವರೊಬ್ಬರೇ.

"ಧೈರ್ಯ ಬರ್ಲಿ ಅಂತ ಕೈ ಇಡ್ತಿದ್ದೆ. ಅದೇ ಅವಳ ಬಾಯಿ ಕಟ್ಟಿಹಾಕುತ್ತೆ ಅಂತ ನಂಗೆ ಹೊಳೀಲೇ ಇಲ್ಲ," ಎನ್ನುತ್ತಾರೆ ಟೀಚರಕ್ಕ. ಹೇಳುತ್ತಾ ಸೆರಗಿನ ಅಂಚನ್ನು ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ.

ಹತ್ತು ಗಂಟೆಗೆ ಆಯಮ್ಮ ಹೆಡ್ ನರ್ಸ್ ಕೋಣೆಯೊಳಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ. ಹೊರಗೆ ಬೆಂಚಿನ ತುದಿಯಲ್ಲಿ ಟೀಚರಕ್ಕನ ತುಟಿ ಅಲುಗುತ್ತಿದೆ. ಪ್ರಾರ್ಥನೆಯೋ ಪಾಠವೋ, ಆ ಹೊತ್ತಿನಲ್ಲಿ ಎರಡೂ ಒಂದೇ ಇರಬೇಕು. ಒಳಗೆ ಹೆಡ್ ನರ್ಸ್ ಕೇಳುವುದು ಸ್ಪಷ್ಟವಾಗಿ ಕೇಳಿಸುತ್ತದೆ: ಆಪರೇಷನ್‌ಗೆ ಮುಂಚೆ ರೋಗಿ ನೀರು ಕೇಳಿದರೆ ಏನು ಹೇಳುತ್ತೀರಿ?

ಮೌನ. ಟೀಚರಕ್ಕ ಅರ್ಧ ಎದ್ದು ಬಾಗಿಲ ಕಡೆ ಕೈ ಚಾಚುತ್ತಾರೆ. ಬೆಂಕಿ ಮುಟ್ಟಿದವರಂತೆ ಕೈ ಹಿಂದೆಗೆದು ಕೂರುತ್ತಾರೆ.

ಆಮೇಲೆ ಆಯಮ್ಮನ ದನಿ: "ಯು ಮಸ್ಟ್ ನಾಟ್ ಡ್ರಿಂಕ್." ಉಸಿರೆಳೆದುಕೊಂಡ ಸದ್ದು. "ಐ ವಿಲ್ ಸಿಟ್ ವಿತ್ ಯು." ನೀರು ಕುಡಿಯಬಾರದು, ನಾನು ನಿಮ್ಮ ಜೊತೆ ಕೂತಿರುತ್ತೇನೆ.

ಬಾಗಿಲು ತೆರೆದು ಹೆಡ್ ನರ್ಸ್, ಇವರ ಕೆಲಸ ಖಾಯಂ ಎಂದು ಹೇಳಿ ಹೋಗುತ್ತಾರೆ. ಹಿಂದೆಯೇ ಬಂದ ಆಯಮ್ಮ ಟೀಚರಕ್ಕನ ಪಕ್ಕ ಧೊಪ್ಪನೆ ಕೂತು ಅಳುತ್ತಾರೆ.

ಟೀಚರಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳುತ್ತಾರೆ:

"ಆ ಎರಡನೇ ಮಾತು ಇದೆಯಲ್ಲ, ಅದನ್ನ ನಾನು ಹೇಳಿಕೊಟ್ಟಿರಲಿಲ್ಲ."